ತಿಮಿಂಗಿಲ ಕೊಟ್ಟರೆ ಪೆಟ್ರೋಲ್ ಸಿಗಲ್ಲ



ಮೇ 1 ಅಂದ್ರೆ ನಮಗೆ ಏನು? ಕಾರ್ಮಿಕರ ದಿನ. ಸರ್ಕಾರಿ ರಜೆ. ವಾರಾಂತ್ಯಕ್ಕೆ ಹೊಂದಿಕೊಂಡು ಬಂದ್ರೆ ಇನ್ನೂ ಖುಷಿ. ಆದ್ರೆ ಇಂಡೋನೇಷ್ಯಾದ ಒಂದು ಮೂಲೆಯ ಹಳ್ಳಿಯಲ್ಲಿ ಅವತ್ತು ಬೆಳಗ್ಗೆ ಇಡೀ ಊರು ಸಮುದ್ರದ ದಂಡೆಗೆ ಬರುತ್ತೆ. ಮರಳಿನ ಮೇಲೇ ಪ್ರಾರ್ಥನೆ ನಡೆಯುತ್ತೆ. ಪಾದ್ರಿ ದೋಣಿಗಳಿಗೆ ತೀರ್ಥ ಚಿಮುಕಿಸ್ತಾರೆ. ಹಿಂದಿನ ದಿನ ಸಂಜೆ, ಸಮುದ್ರಕ್ಕೆ ಹೋಗಿ ವಾಪಸ್ ಬಾರದವರ ಹೆಸರಿನಲ್ಲಿ ನೀರಿಗೆ ದೀಪ ಬಿಟ್ಟಿರ್ತಾರೆ. ಆಮೇಲೆ ಆ ವರ್ಷದ ಬೇಟೆ ಶುರು. ಬೇಟೆ ಯಾವುದರದ್ದು? ತಿಮಿಂಗಿಲದ್ದು. ಆಯುಧ ಯಾವುದು? ಬಿದಿರಿನ ಗಳುವಿನ ತುದಿಗೆ ಸಿಕ್ಕಿಸಿದ ಒಂದು ಕಬ್ಬಿಣದ ಮೊನೆ.

ಹಳ್ಳಿಯ ಹೆಸರು ಲಮಲೇರಾ. ದ್ವೀಪದ ಹೆಸರು ಲೆಂಬಾಟಾ. ಇಂಡೋನೇಷ್ಯಾದಲ್ಲಿ 17 ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ ಅಂತ ನಾವು ಸ್ಕೂಲಲ್ಲಿ ಓದಿದ್ದೀವಿ. ನಮಗೆ ಗೊತ್ತಿರೋದು ಬಾಲಿ ಒಂದೇ, ಹನಿಮೂನ್ ಪ್ಯಾಕೇಜ್ ಪುಣ್ಯದಿಂದ. ಆ ಬಾಲಿಯನ್ನೂ ದಾಟಿ ಪೂರ್ವಕ್ಕೆ ಹೋಗ್ತಾ ಇದ್ದರೆ ಫ್ಲೋರೆಸ್ ಸಿಗುತ್ತೆ, ಅದರ ತುದಿ ದಾಟಿದ ಮೇಲೆ ಲೆಂಬಾಟಾ. ರಾಜಧಾನಿ ಜಕಾರ್ತಾದಿಂದ ಸುಮಾರು 1,800 ಕಿಲೋಮೀಟರ್. ವಿಸ್ತೀರ್ಣದಲ್ಲಿ ನಮ್ಮ ಕೊಡಗಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಜಿಲ್ಲಾ ಕೇಂದ್ರ ಲೆವೊಲೆಬಾ ಉತ್ತರದಲ್ಲಿದೆ, ಲಮಲೇರಾ ದಕ್ಷಿಣ ತೀರದಲ್ಲಿದೆ. ಮಧ್ಯೆ ಬೆಟ್ಟ. ಭೂಪಟದಲ್ಲಿ ಬೆರಳಗಲದ ದೂರ, ಆದರೆ ಲಾರಿಯ ಹಿಂದೆ ಹಲಗೆ ಮೇಲೆ ಕೂತು ಗಂಟೆಗಟ್ಟಲೆ ಕುಲುಕಬೇಕು. ಈಗ ನಾನು ರಾತ್ರಿ ಒಂಬತ್ತಕ್ಕೆ ನಿಮ್ಮ ಮುಂದೆ ಮಾತಾಡ್ತಾ ಇದ್ದೀನಲ್ಲ, ಅಲ್ಲಿ ಹನ್ನೊಂದೂವರೆ.

ಊರಲ್ಲಿ ಸುಮಾರು ಎರಡು ಸಾವಿರ ಜನ. ಮೇಲಿನ ಕೇರಿ, ಕೆಳಗಿನ ಕೇರಿ ಅಂತ ಎರಡು ಭಾಗ. ಕಲ್ಲು ಬಂಡೆಯ ಇಳಿಜಾರು, ಜ್ವಾಲಾಮುಖಿಯ ಮಣ್ಣು, ಮಳೆ ಬರೋದು ವರ್ಷದಲ್ಲಿ ಕೆಲವೇ ತಿಂಗಳು. ಭತ್ತದ ಮಾತು ಬಿಡಿ, ಜೋಳ ಬೆಳೆಯೋದಕ್ಕೂ ನೆಲ ಸಾಲದು. ಬದಲಿಗೆ ದೇವರು ಕೊಟ್ಟಿದ್ದು ಸಮುದ್ರ. ದಂಡೆಯಿಂದ ಸ್ವಲ್ಪ ದೂರಕ್ಕೇ ಆಳ. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ನಡುವೆ ತಿಮಿಂಗಿಲಗಳು ಓಡಾಡೋ ದಾರಿ ಈ ದ್ವೀಪಗಳ ಸಂದಿಯಲ್ಲೇ ಹಾದುಹೋಗುತ್ತೆ. ಒಂದು ಥರದಲ್ಲಿ ಹೈವೇ ಪಕ್ಕದ ಊರು.

ನಾನು ಲಮಲೇರಾಕ್ಕೆ ಹೋಗಿಲ್ಲ. ಅಲ್ಲಿನ ಬಗ್ಗೆ ಓದಿದ್ದೀನಿ, ದೃಶ್ಯಗಳನ್ನು ನೋಡಿದ್ದೀನಿ. ಓದಿದ್ದು ಎಂಜಿನಿಯರಿಂಗ್ ಆದ್ದರಿಂದಲೋ ಏನೋ, ನನ್ನ ಕಣ್ಣು ಮೊದಲು ಹೋಗಿದ್ದು ತಿಮಿಂಗಿಲದ ಮೇಲಲ್ಲ, ದೋಣಿಯ ಮೇಲೆ. ಅವರ ಭಾಷೆಯಲ್ಲಿ ಅದು 'ತೆನಾ'. ಸುಮಾರು ಹತ್ತು ಮೀಟರ್ ಉದ್ದ, ಎರಡು ಮೀಟರ್ ಅಗಲ. ಒಂದು ಕಬ್ಬಿಣದ ಮೊಳೆ ಇಲ್ಲ. ಹಲಗೆಗೆ ಹಲಗೆ ಸೇರಿಸೋದು ಮರದ ಗೂಟದಿಂದ, ಒಳಗಿನ ಅಡ್ಡಪಟ್ಟಿಗಳನ್ನು ಬಿಗಿಯೋದು ಹಗ್ಗದಿಂದ. ಹಾಯಿ ಅಂದ್ರೆ ತಾಳೆ ಜಾತಿಯ ಮರದ ಗರಿಯನ್ನು ಹೆಣೆದ ಚಾಪೆ. ಅಯ್ಯೋ, ಇಷ್ಟು ಹಳೇ ಕಾಲದ್ದಾ ಅನ್ನಬೇಡಿ. ಮೊಳೆ ಹೊಡೆದ ಗಟ್ಟಿ ದೋಣಿಗೆ ಹದಿನೈದು ಟನ್ನಿನ ಪ್ರಾಣಿ ಬಾಲದಿಂದ ಬಾರಿಸಿದ್ರೆ ಕೀಲು ಬಿಟ್ಟುಹೋಗುತ್ತೆ. ಹಗ್ಗದಿಂದ ಕಟ್ಟಿದ ದೋಣಿ ಬಾಗುತ್ತೆ, ಹೊಡೆತ ನುಂಗುತ್ತೆ. ನಮ್ಮ ಕಾಲೇಜಲ್ಲಿ ಇದಕ್ಕೆ ಒಂದು ಇಡೀ ಅಧ್ಯಾಯ ಇತ್ತು. ಅಲ್ಲಿ ಡ್ರಾಯಿಂಗೂ ಇಲ್ಲ, ಬ್ಲೂಪ್ರಿಂಟೂ ಇಲ್ಲ. ಪ್ರತಿ ಹಲಗೆಗೂ ಒಂದು ಹೆಸರು, ಒಂದು ಜಾಗ, ಅಷ್ಟೂ ಕಟ್ಟೋನ ತಲೆಯಲ್ಲಿ. ದೋಣಿ ಒಡೆದುಹೋದ್ರೆ ಹೊಸದನ್ನು ಕಟ್ಟಿ ಅದೇ ಹೆಸರಿಡ್ತಾರೆ. ಅವರ ಪ್ರಕಾರ ಅದು ಹೊಸ ದೋಣಿ ಅಲ್ಲವೇ ಅಲ್ಲ, ಅದೇ ದೋಣಿ. ಕಟ್ಟುವಾಗ ಎಲ್ಲಾದ್ರೂ ಒಂದು ದೋಷ ಉಳಿದಿದ್ರೆ ತಿಮಿಂಗಿಲ ಬಂದು ಸರಿಯಾಗಿ ಅಲ್ಲಿಗೇ ಹೊಡೆಯುತ್ತೆ ಅನ್ನೋದು ನಂಬಿಕೆ. ಇಂಥ ಕ್ವಾಲಿಟಿ ಕಂಟ್ರೋಲ್ ನಮ್ಮ ಫ್ಲೈಓವರ್ ಗುತ್ತಿಗೆದಾರರಿಗೂ ಒಂದಿಷ್ಟು ಇದ್ದಿದ್ದರೆ ಅಂತ ಅನ್ನಿಸಿದ್ದು ಸುಳ್ಳಲ್ಲ.

ದೋಣಿಯ ಮೂತಿಯಿಂದ ಮುಂದಕ್ಕೆ ಬಿದಿರಿನ ಒಂದು ಅಟ್ಟಣಿಗೆ ಚಾಚಿಕೊಂಡಿರುತ್ತೆ. ಅದರ ತುದಿಯಲ್ಲಿ ಒಬ್ಬ ನಿಂತಿರ್ತಾನೆ. ಅವನಿಗೆ 'ಲಮಾಫಾ' ಅಂತಾರೆ, ಅಂದ್ರೆ ಈಟಿಗಾರ. ತಿಮಿಂಗಿಲ ಉಸಿರಾಡೋದಕ್ಕೆ ಮೇಲೆ ಬಂದಾಗ ದೋಣಿ ಅದರ ಬೆನ್ನಿನ ಹತ್ತಿರಕ್ಕೆ ಹೋಗಬೇಕು. ಹತ್ತಿರ ಅಂದ್ರೆ ಮುಟ್ಟೋ ಅಷ್ಟು ಹತ್ತಿರ. ಈಟಿಯನ್ನು ಕೈಯಿಂದ ಎಸೆದ್ರೆ ಆ ದಪ್ಪ ಕೊಬ್ಬಿನ ಪದರ ದಾಟಲ್ಲ. ಅದಕ್ಕೆ ಅವನು ಈಟಿ ಹಿಡಿದು ತಾನೇ ಹಾರ್ತಾನೆ. ಮನುಷ್ಯನ ಪೂರ್ತಿ ತೂಕ ಆ ಒಂದು ಮೊನೆಯ ಹಿಂದೆ. ಈಟಿ ನೆಟ್ಟಿತು, ಅವನು ನೀರಿಗೆ ಬಿದ್ದ, ಪಕ್ಕದಲ್ಲೇ ಗಾಯಗೊಂಡ ತಿಮಿಂಗಿಲ. ಈಜಿ ದೋಣಿ ಹತ್ತಬೇಕು. ಈಟಿಗೆ ಕಟ್ಟಿದ ಹಗ್ಗ ದೋಣಿಯಲ್ಲಿ ಬುಸುಗುಡುತ್ತಾ ಬಿಚ್ಚಿಕೊಳ್ತಾ ಇರುತ್ತೆ. ಅದಕ್ಕೆ ಕಾಲು ಸಿಕ್ಕಿದ್ರೆ ಕಥೆ ಮುಗೀತು. ಕೆಲವೊಮ್ಮೆ ತಿಮಿಂಗಿಲ ದೋಣಿಯನ್ನೇ ಎಳೆದುಕೊಂಡು ಹೋಗುತ್ತೆ. 1994ರಲ್ಲಿ ಹಾಗೆ ಎಳೆದೊಯ್ದ ದೋಣಿಗಳ ಜನ ದಿನಗಟ್ಟಲೆ ನೀರಿಲ್ಲದೆ ತೇಲಿ, ಕೊನೆಗೆ ಆ ದಾರಿಯಲ್ಲಿ ಬಂದ ಒಂದು ಪ್ರವಾಸಿ ಹಡಗು ಅವರನ್ನು ಎತ್ತಿಕೊಂಡಿತು.

ಈ ಲಮಾಫಾ ಮನೆಯಲ್ಲಿ ಹೆಂಡತಿ ಜೊತೆ ಜಗಳ ಆಡಿ ಸಮುದ್ರಕ್ಕೆ ಹೋಗಬಾರದು. ನೆರೆಯವರ ಹತ್ರ ವೈಮನಸ್ಸು ಇಟ್ಟುಕೊಂಡು ಹೋಗಬಾರದು. ಹೋದ್ರೆ ಈಟಿ ತಪ್ಪುತ್ತೆ, ಅಪಾಯ ಬರುತ್ತೆ ಅಂತ ನಂಬಿಕೆ. ಇದನ್ನ ಮೂಢನಂಬಿಕೆ ಅಂತ ತಳ್ಳಿಹಾಕೋದು ಸುಲಭ. ಆದ್ರೆ ಹನ್ನೆರಡು ಜನ ಒಂದೇ ಹಲಗೆಯ ಮೇಲೆ ಪ್ರಾಣ ಇಟ್ಟುಕೊಂಡು ಕೂತಿರುವಾಗ ಅವರಲ್ಲಿ ಇಬ್ಬರಿಗೆ ಮಾತು ಬಿಟ್ಟಿದ್ರೆ ಏನಾಗುತ್ತೆ ಅಂತ ಯೋಚನೆ ಮಾಡಿ.

ಇನ್ನೊಂದು ವಿಷಯ. ಇವರು ಎಲ್ಲ ತಿಮಿಂಗಿಲವನ್ನೂ ಮುಟ್ಟಲ್ಲ. ಹಲ್ಲಿರುವ ಸ್ಪರ್ಮ್ ವೇಲ್ ಮಾತ್ರ ದೊಡ್ಡ ಬೇಟೆ. ನೀಲಿ ತಿಮಿಂಗಿಲ ಎದುರಿಗೇ ಬಂದ್ರೂ ಕೈಮುಗಿದು ಬಿಡ್ತಾರೆ. ಹಿಂದೆ ತಮ್ಮ ಪೂರ್ವಜರನ್ನು ಕಾಪಾಡಿದ್ದು ಅದೇ ಅಂತ ಕಥೆ ಇದೆ. ನಮ್ಮಲ್ಲೂ ಬಳಿ, ಬೆಡಗು ಅಂತ ಒಂದೊಂದು ಕುಲಕ್ಕೆ ಒಂದೊಂದು ಪ್ರಾಣಿ ಇಲ್ಲವೇ, ಹಾಗೆ.

ಈಗ ನಾನು ಇವತ್ತು ಈ ಕಾರ್ಯಕ್ರಮ ಮಾಡೋದಕ್ಕೆ ಕಾರಣವಾದ ಭಾಗಕ್ಕೆ ಬರ್ತೀನಿ. ಬೇಟೆಯಲ್ಲ. ಹಂಚಿಕೆ.

ತಿಮಿಂಗಿಲ ದಂಡೆಗೆ ಬಂತು ಅಂದ್ಕೊಳ್ಳಿ. ಹೆಣ್ಣಾದ್ರೆ ಹದಿನೈದು ಟನ್, ದೊಡ್ಡ ಗಂಡಾದ್ರೆ ನಲವತ್ತು ಟನ್ನಿಗೂ ಮೇಲೆ. ಅದರ ಮೈಮೇಲೆ ಕಣ್ಣಿಗೆ ಕಾಣದ ಗೆರೆಗಳಿವೆ. ಈ ಭಾಗ ಈಟಿಗಾರನಿಗೆ. ಈ ಭಾಗ ಹುಟ್ಟು ಹಾಕಿದವರಿಗೆ. ಇದು ದೋಣಿಯ ಮಾಲೀಕ ಕುಲಕ್ಕೆ, ಇದು ದೋಣಿ ಕಟ್ಟಿದ ಬಡಗಿಗೆ, ಇದು ಈಟಿ ಬಡಿದ ಕಮ್ಮಾರನಿಗೆ, ಇದು ಹಾಯಿ ಹೆಣೆದವರಿಗೆ. ಈ ಕಡೆಯದ್ದು ಬೆಟ್ಟದ ಮೇಲಿರುವ ನೆಲದ ಮೂಲ ಒಡೆಯರ ಮನೆತನಕ್ಕೆ. ಯಾವ ತುಂಡು ಯಾರದು ಅನ್ನೋದು ಸಮುದ್ರಕ್ಕೆ ಹೋಗೋ ಮೊದಲೇ ತೀರ್ಮಾನ ಆಗಿರುತ್ತೆ, ತಲೆಮಾರುಗಳ ಹಿಂದೆಯೇ. ಪಾಲು ಸಿಕ್ಕವನ ಮನೆಯಿಂದ ಆಮೇಲೆ ಎರಡನೇ ಸುತ್ತಿನ ಹಂಚಿಕೆ. ಅಕ್ಕ ತಂಗಿಯರಿಗೆ, ನೆಂಟರಿಗೆ, ಗಂಡ ಸತ್ತ ಹೆಂಗಸರಿಗೆ, ದುಡಿಯೋ ಕೈ ಇಲ್ಲದ ಮುದುಕರಿಗೆ. ಆ ಊರಿನಲ್ಲಿ ವಿಧವೆ ಅರ್ಜಿ ಹಿಡಿದು ಯಾವ ಕಚೇರಿ ಮುಂದೆಯೂ ನಿಲ್ಲಬೇಕಾಗಿಲ್ಲ. ಪಾಲು ಮನೆ ಬಾಗಿಲಿಗೆ ಬರುತ್ತೆ.

ಇದು ಬರೀ ಚಂದದ ಮಾತಾ, ನಿಜವಾಗಲೂ ಜನ ಹಾಗೇ ಇದ್ದಾರಾ? ಇದನ್ನ ಅಳೆದು ನೋಡಿದವರಿದ್ದಾರೆ. ಅರ್ಥಶಾಸ್ತ್ರದಲ್ಲಿ 'ಅಲ್ಟಿಮೇಟಮ್ ಗೇಮ್' ಅಂತ ಒಂದು ಆಟ. ನಿಮಗೆ ನೂರು ರೂಪಾಯಿ ಕೊಡ್ತಾರೆ. ಎದುರಿಗೆ ಯಾರೋ ಒಬ್ಬ, ಅವನು ಯಾರು ಅಂತ ನಿಮಗೆ ಗೊತ್ತಿಲ್ಲ. ಅವನಿಗೆ ಎಷ್ಟು ಕೊಡ್ತೀರಿ ನೀವೇ ಹೇಳಿ. ಅವನು ಒಪ್ಪಿದ್ರೆ ಇಬ್ಬರಿಗೂ ಹಣ. ಒಪ್ಪದಿದ್ರೆ ಇಬ್ಬರಿಗೂ ಸೊನ್ನೆ. ಲೆಕ್ಕ ಬಲ್ಲವನು ಒಂದು ರೂಪಾಯಿ ಕೊಟ್ಟು ತೊಂಬತ್ತೊಂಬತ್ತು ಇಟ್ಟುಕೊಳ್ಳಬೇಕು, ಅಲ್ವಾ? ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು ಪ್ರಪಂಚದ ಹದಿನೈದು ಸಣ್ಣ ಸಮುದಾಯಗಳಲ್ಲಿ ಈ ಆಟ ಆಡಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆರು ದೇಶದ ಕಾಡಿನ ಮಾಚಿಗೆಂಗಾ ಜನ ಸರಾಸರಿ ಕೊಟ್ಟಿದ್ದು ನೂರಕ್ಕೆ 26. ವಿಶ್ವವಿದ್ಯಾಲಯಗಳಲ್ಲಿ ಆಡಿಸಿದಾಗ ಸಾಮಾನ್ಯವಾಗಿ 40ರಿಂದ 50. ಲಮಲೇರಾದಲ್ಲಿ ಆಡಿಸಿದ್ದು ಮೈಕೇಲ್ ಆಲ್ವರ್ಡ್ ಅನ್ನೋ ಮಾನವಶಾಸ್ತ್ರಜ್ಞ. ದುಡ್ಡಿನಲ್ಲಿ ಆಡಿಸಿದ್ರೆ ಜೂಜಿನ ಥರ ಕಾಣುತ್ತೆ ಅಂತ ಸಿಗರೇಟ್ ಪ್ಯಾಕ್ ಇಟ್ಟು ಆಡಿಸಿದರು. ಅಲ್ಲಿನವರ ಸರಾಸರಿ ಎಷ್ಟು ಗೊತ್ತಾ? 58. ಹದಿನೈದರಲ್ಲಿ ಅದೇ ಅತಿ ಹೆಚ್ಚು. ಅರ್ಧಕ್ಕಿಂತ ಜಾಸ್ತಿ ಎದುರಿನವನಿಗೆ!

ಕಾರಣ ಅವರ ಹೃದಯ ಬಂಗಾರ ಅಂತಲ್ಲ. ತಿಮಿಂಗಿಲವನ್ನ ಒಬ್ಬನೇ ಹಿಡಿಯೋಕಾಗಲ್ಲ, ಅಷ್ಟೇ. ಇವತ್ತು ಪಾಲಿನಲ್ಲಿ ಮೋಸ ಮಾಡಿದವನ ದೋಣಿಗೆ ನಾಳೆ ಯಾರೂ ಹತ್ತಲ್ಲ. ದಿನಾ ಒಟ್ಟಿಗೆ ದುಡಿದು ಹಂಚಿಕೊಂಡು ಅಭ್ಯಾಸ ಆದ ಕೈ, ಆಟದಲ್ಲೂ ಹಾಗೇ ಹಂಚಿತು.

ಮಾಂಸ ಒಣಗಿಸ್ತಾರೆ. ಊರಿನ ಅಂಗಳದ ತುಂಬ ಬಿದಿರಿನ ಗಳುಗಳ ಮೇಲೆ ಕಪ್ಪು ಪಟ್ಟಿಗಳು ನೇತಾಡ್ತಾ, ಎಣ್ಣೆ ತೊಟ್ಟಿಕ್ಕುತ್ತಾ ಇರುತ್ತವೆ. ಇನ್ನು ಮುಂದಿನದು ಹೆಂಗಸರ ಕೆಲಸ. ತಲೆಯ ಮೇಲೆ ಬುಟ್ಟಿ ಹೊತ್ತು ಬೆಟ್ಟದ ಹಳ್ಳಿಗಳಿಗೆ ನಡೀತಾರೆ, ಇಲ್ಲಾ ವುಲಂಡೋನಿ ಅನ್ನೋ ಪಕ್ಕದ ಊರಿನ ಶನಿವಾರದ ಸಂತೆಗೆ ಹೋಗ್ತಾರೆ. ಬೆಟ್ಟದವರು ಜೋಳ, ಬಾಳೆಹಣ್ಣು, ಗೆಣಸು ತಂದಿರ್ತಾರೆ. ಅಧಿಕಾರಿ ಸುಂಕ ವಸೂಲಿ ಮಾಡಿ ಸೀಟಿ ಊದೋವರೆಗೂ ಯಾರೂ ವ್ಯಾಪಾರ ಶುರು ಮಾಡೋ ಹಾಗಿಲ್ಲ. ಸೀಟಿ ಊದಿದ ಮೇಲೆ ನೋಡಿ ಗಲಾಟೆ! ಒಂದು ಪಟ್ಟಿ ಒಣ ಮಾಂಸಕ್ಕೆ ಹನ್ನೆರಡು ಜೋಳದ ತೆನೆ, ಇಲ್ಲವೇ ಹನ್ನೆರಡು ಬಾಳೆಹಣ್ಣು. ಇದು ವಾಡಿಕೆಯ ದರ. ರೂಪಾಯಿ ಬೆಲೆ ಬಿದ್ರೂ ಎದ್ದರೂ ಹನ್ನೆರಡು ತೆನೆ ಹನ್ನೆರಡೇ. ನಮ್ಮ ಕರಾವಳಿಯ ಹಿರಿಯರನ್ನು ಕೇಳಿ, ಒಣಮೀನಿನ ಬುಟ್ಟಿ ಹೊತ್ತು ಒಳನಾಡಿಗೆ ಹೋಗಿ ಭತ್ತ ಅಳೆಸಿಕೊಂಡು ಬರ್ತಿದ್ದ ಹೆಂಗಸರ ನೆನಪು ಅವರಿಗೂ ಇರುತ್ತೆ.

ಇಷ್ಟು ಹೇಳಿದ ಮೇಲೆ ನಿಮ್ಮಲ್ಲಿ ಅರ್ಧ ಜನಕ್ಕೆ ಸಿಟ್ಟು ಬಂದಿರಬಹುದು. ರೀ, ತಿಮಿಂಗಿಲ ಕೊಲ್ಲೋದನ್ನ ಹೊಗಳ್ತಾ ಇದ್ದೀರಲ್ಲ ಅಂತ. ನಿಮ್ಮ ಸಿಟ್ಟು ನನಗೂ ಅರ್ಥ ಆಗುತ್ತೆ. ಆಗ ತೋರಿಸಿದ ದೃಶ್ಯದಲ್ಲಿ ಸಮುದ್ರ ಕೆಂಪಾಗಿತ್ತು, ಅದನ್ನ ನಮ್ಮ ಡೆಸ್ಕ್‌ನವರು ಮಬ್ಬು ಮಾಡಿದ್ದಾರೆ. ನಾನು ಮಬ್ಬು ಮಾಡದೇ ಇರೋದನ್ನೇ ನೋಡಿದೆ. ಒಂದೇ ಗುಕ್ಕಿಗೆ ನೋಡೋಕಾಗಲಿಲ್ಲ, ಮಧ್ಯೆ ಎದ್ದುಹೋದೆ. ಭೂಮಿಯ ಮೇಲೆ ಅತಿ ದೊಡ್ಡ ಮಿದುಳಿರುವ ಪ್ರಾಣಿ ಅದು. ತಾಯಿ, ಅಜ್ಜಿ, ಮರಿ ಅಂತ ಸಂಸಾರ ಕಟ್ಟಿಕೊಂಡು ಓಡಾಡುತ್ತೆ. ಇಂಡೋನೇಷ್ಯಾದ ಕಾನೂನಿನಲ್ಲೂ ಅದು ಸಂರಕ್ಷಿತ ಪ್ರಾಣಿ. ಹಾಗಿದ್ದೂ ಲಮಲೇರಾದವರ ಬೇಟೆಯನ್ನು ಜೀವನೋಪಾಯದ ಸಂಪ್ರದಾಯ ಅಂತ ಸರ್ಕಾರ ಕಂಡೂ ಕಾಣದಂತೆ ಬಿಟ್ಟಿದೆ. ಅಂತಾರಾಷ್ಟ್ರೀಯ ತಿಮಿಂಗಿಲ ಆಯೋಗಕ್ಕೆ ಇಂಡೋನೇಷ್ಯಾ ಸದಸ್ಯ ದೇಶವೇ ಅಲ್ಲ.

ಆದ್ರೆ ಒಂದು ಲೆಕ್ಕ ಹೇಳ್ತೀನಿ. ಇಪ್ಪತ್ತನೇ ಶತಮಾನ ಒಂದರಲ್ಲೇ ಯಾಂತ್ರಿಕ ಹಡಗುಗಳು ಕೊಂದ ಸ್ಪರ್ಮ್ ವೇಲ್‌ಗಳ ಸಂಖ್ಯೆ ಏಳು ಲಕ್ಷಕ್ಕೂ ಹೆಚ್ಚು. ಏಳು ಲಕ್ಷ! ಕೊಂದವರು ಯಾರು? ಜಪಾನ್, ಸೋವಿಯತ್ ಒಕ್ಕೂಟ, ನಾರ್ವೆ, ಬ್ರಿಟನ್ ಥರದ ದೇಶಗಳ ಹಡಗುಗಳು. ಯಾತಕ್ಕೆ? ಎಣ್ಣೆಗೆ. ಯಂತ್ರಗಳ ಕೀಲಿಗೆ ಹಾಕೋ ಎಣ್ಣೆ. ಅಮೆರಿಕದಲ್ಲಿ 1970ರ ದಶಕದ ಶುರುವಿನವರೆಗೂ ಕಾರುಗಳ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯಲ್ಲಿ ಇದೇ ತಿಮಿಂಗಿಲದ ಎಣ್ಣೆ ಬೆರೆಸ್ತಾ ಇದ್ದರು. ಗೇರ್ ನಯವಾಗಿ ಬೀಳಲಿ ಅಂತ. ಲಮಲೇರಾದವರಿಗೆ ಒಂದು ವರ್ಷ ಬೆರಳೆಣಿಕೆಯಷ್ಟು ಸಿಗುತ್ತೆ, ಒಳ್ಳೆಯ ವರ್ಷ ಕೆಲವು ಡಜನ್, ಕೆಟ್ಟ ವರ್ಷ ಇಲ್ಲವೇ ಇಲ್ಲ. ಇನ್ನು ನಮ್ಮ ವಿಷಯಕ್ಕೆ ಬನ್ನಿ. 'ತಿಮಿಂಗಿಲ ವಾಂತಿ' ಅಂತ ನಾವೇ ಎಷ್ಟು ಬ್ರೇಕಿಂಗ್ ನ್ಯೂಸ್ ಮಾಡಿಲ್ಲ? 2021ರಲ್ಲಿ ಬೆಂಗಳೂರಿನಲ್ಲೇ ಪೊಲೀಸರು ಹಿಡಿದರು. ಅದು ಇದೇ ಪ್ರಾಣಿಯ ಹೊಟ್ಟೆಯಿಂದ ಬರೋದು. ನಮ್ಮ ದೇಶದಲ್ಲಿ ಅದನ್ನ ಇಟ್ಟುಕೊಳ್ಳೋದೂ ಅಪರಾಧ, ಮಾರೋದೂ ಅಪರಾಧ. ಕಳ್ಳಸಾಗಣೆ ಮಾಡಿ ಕೋಟಿ ಎಣಿಸೋರ ಸಾಲಿನಲ್ಲಿ ಹನ್ನೆರಡು ತೆನೆ ಜೋಳಕ್ಕೆ ಬೆಟ್ಟ ಹತ್ತೋ ಹೆಂಗಸನ್ನ ನಿಲ್ಲಿಸೋದಕ್ಕೆ ನನಗಂತೂ ಮನಸ್ಸು ಬರಲ್ಲ.

2009ರ ಮೇನಲ್ಲಿ ಮನಾಡೋ ನಗರದಲ್ಲಿ ಸಾಗರ ಸಮ್ಮೇಳನ ನಡೀತು. ಅಲ್ಲಿ ಸಾವು ಸಮುದ್ರವನ್ನ ರಾಷ್ಟ್ರೀಯ ಸಂರಕ್ಷಿತ ಪ್ರದೇಶ ಮಾಡ್ತೀವಿ ಅಂತ ಸರ್ಕಾರ ಪ್ರಕಟಿಸಿತು. ಲಮಲೇರಾದವರು ಬೀದಿಗಿಳಿದರು. ಕೊನೆಗೆ ಗಡಿ ಗುರುತು ಮಾಡುವಾಗ ಅವರ ಬೇಟೆಯ ಸಮುದ್ರವನ್ನ ಹೊರಗೆ ಬಿಟ್ಟರು. 2014ರಲ್ಲಿ ಮಂಟಾ ಅನ್ನೋ ದೊಡ್ಡ ರೆಕ್ಕೆಮೀನನ್ನ ದೇಶಾದ್ಯಂತ ಸಂರಕ್ಷಿತ ಅಂತ ಘೋಷಿಸಿದಾಗ ಮತ್ತೆ ತಲೆನೋವು. ತಿಮಿಂಗಿಲ ಸಿಗದ ದಿನ ಅವರ ಹೊಟ್ಟೆ ಹೊರೀತಿದ್ದದ್ದು ಅದೇ.

ತಮಾಷೆ ಏನು ಗೊತ್ತಾ? 1999ರಿಂದ 2001ರವರೆಗೆ ಇಂಡೋನೇಷ್ಯಾದ ಪರಿಸರ ಸಚಿವರಾಗಿದ್ದ ಸೋನಿ ಕೆರಾಫ್ ಹುಟ್ಟಿದ್ದು ಎಲ್ಲಿ? ಇದೇ ಲಮಲೇರಾದಲ್ಲಿ, 1958ರಲ್ಲಿ. ತತ್ವಶಾಸ್ತ್ರ ಓದಿದವರು, ಪರಿಸರ ನೀತಿಯ ಬಗ್ಗೆ ಪುಸ್ತಕ ಬರೆದವರು. ಅವರಿಗಿಂತ ಮೊದಲು ಅದೇ ಊರಿನಿಂದ ಬಂದವರು ಗೋರಿಸ್ ಕೆರಾಫ್. ಇಂಡೋನೇಷ್ಯನ್ ಭಾಷೆಯ ವ್ಯಾಕರಣದ ಮೇಲೆ ಅವರು ಬರೆದ ಪಠ್ಯಗಳನ್ನ ಓದಿ ಅಲ್ಲಿ ಒಂದು ತಲೆಮಾರೇ ಪರೀಕ್ಷೆ ಬರೆದಿದೆ. ಮಿಷನರಿಗಳು ಬಂದು ಶಾಲೆ ತೆರೆದದ್ದರ ಫಲ. ಮೂಲೆ ಹಳ್ಳಿ ಅಂದ ತಕ್ಷಣ ಅಕ್ಷರ ಇಲ್ಲದವರು ಅಂದ್ಕೊಳ್ಳೋದು ನಮ್ಮ ಪಟ್ಟಣದವರ ರೋಗ.

ಸರಿ, ಹಾಗಾದ್ರೆ ಈ ಊರಿನ ಮುಂದಿನ ದಾರಿ ಏನು? ಕಾನೂನು ಬಂದು ಬೇಟೆ ನಿಲ್ಲಿಸುತ್ತೆ ಅಂತ ಕೆಲವರು ಹೇಳ್ತಾರೆ, ತಿಮಿಂಗಿಲ ಮುಗಿದು ನಿಲ್ಲುತ್ತೆ ಅಂತ ಇನ್ನು ಕೆಲವರು. ಈ ಎರಡಕ್ಕೂ ಮೊದಲು ಇನ್ನೊಂದು ಬಂದಿದೆ. ಅದು ಪೆಟ್ರೋಲ್.

ಎರಡು ಸಾವಿರದ ಇಸವಿಯ ಆಚೀಚೆ ಊರಿಗೆ ಔಟ್‌ಬೋರ್ಡ್ ಮೋಟರ್ ಬಂತು. ಮೋಟರ್ ಹಾಕಿದ ದೋಣಿಗೆ ಅಲ್ಲಿ 'ಜೋನ್ಸನ್' ಅಂತಾರೆ. ಜಾನ್ಸನ್ ಅನ್ನೋ ಕಂಪನಿಯ ಹೆಸರು, ನಾವು ಜೆರಾಕ್ಸ್ ಅಂದ ಹಾಗೆ. ಹುಟ್ಟು ಹಾಕಿ ಅರ್ಧ ದಿನ ಹೋಗ್ತಿದ್ದ ಜಾಗಕ್ಕೆ ಅರ್ಧ ಗಂಟೆ. ಯಾರು ಬೇಡ ಅಂತಾರೆ? ಹಿರಿಯರು ಬೇಡ ಅಂದ್ರು, ದಂಡೆಯ ಮೇಲೆ ಸಭೆ ಸೇರಿ ವಾದ ಮಾಡಿದರು. ಕೊನೆಗೆ ಒಂದು ರಾಜಿ ಆಯ್ತು. ಮೋಟರ್ ದೋಣಿ ಹಳೇ ತೆನಾವನ್ನ ಹಗ್ಗ ಕಟ್ಟಿ ತಿಮಿಂಗಿಲದ ಹತ್ತಿರದವರೆಗೆ ಎಳೆದುಕೊಂಡು ಹೋಗಬಹುದು. ಅಲ್ಲಿಂದ ಮುಂದೆ ಹುಟ್ಟು, ಬಿದಿರು, ಲಮಾಫಾ. ಹಳೇ ಕ್ರಮದಲ್ಲೇ.

ಕೇಳೋಕೆ ಜಾಣ ರಾಜಿ. ಆದ್ರೆ ಲೆಕ್ಕ ಹಾಕಿ. ಹದಿನೈದು ಹಾರ್ಸ್‌ಪವರ್‌ನ ಟೂ-ಸ್ಟ್ರೋಕ್ ಮೋಟರ್ ಪೂರ್ತಿ ವೇಗದಲ್ಲಿ ಗಂಟೆಗೆ ಐದಾರು ಲೀಟರ್ ಕುಡಿಯುತ್ತೆ. ಬಂಕಿನಲ್ಲಿ ಒಣ ಮಾಂಸ ಕೊಟ್ಟರೆ ಪೆಟ್ರೋಲ್ ಹಾಕಲ್ಲ. ದುಡ್ಡು ಬೇಕು. ಅಲ್ಲಿಯವರೆಗೆ ದೋಣಿ ಹೊರಡೋದಕ್ಕೆ ಬೇಕಾಗಿದ್ದದ್ದು ತೋಳು. ಹನ್ನೆರಡು ಜೊತೆ ತೋಳು ಊರಲ್ಲೇ ಸಿಗ್ತಿತ್ತು. ಈಗ ದೋಣಿ ಹೊರಡೋ ಮೊದಲೇ ಯಾರೋ ಒಬ್ಬ ಜೇಬಿಗೆ ಕೈ ಹಾಕಬೇಕು. ಯಾರ ಜೇಬು? ಜಕಾರ್ತಾದಲ್ಲಿ ಮಗ ನೌಕರಿ ಮಾಡ್ತಿರೋನ ಜೇಬು. ಅವನಿಗೆ ಒಂದು ಪಾಲು ಜಾಸ್ತಿ ಕೊಡಬೇಕಾಗುತ್ತೆ, ನ್ಯಾಯವೇ. ಮೋಟರ್‌ಗೆ ಒಂದು ಪಾಲು, ಎಣ್ಣೆಗೆ ಒಂದು ಪಾಲು. ಹುಟ್ಟು ಹಾಕೋರು ಅಷ್ಟು ಜನ ಯಾಕೆ, ನಾಲ್ಕು ಜನ ಸಾಕು. ಉಳಿದ ಎಂಟು ಜನರ ಮನೆಗೆ ಪಾಲು ಬರೋ ಕಾರಣವೇ ಹೋಯ್ತು. ಆ ಎಂಟು ಮನೆ ಆಮೇಲೆ ಯಾವ ವಿಧವೆಗೆ ಕೊಡಬೇಕು? ಇದನ್ನ ಯಾರೂ ಕೆಟ್ಟ ಉದ್ದೇಶದಿಂದ ಮಾಡಲಿಲ್ಲ. ಯಂತ್ರ ಒಳಗೆ ಬಂತು, ಪಾಲಿನ ಲೆಕ್ಕ ತಾನಾಗಿ ಬದಲಾಯ್ತು.

ಇದು ನಮಗೆ ಗೊತ್ತಿಲ್ಲದ ಕಥೆ ಏನಲ್ಲ. ಕಾರವಾರದಿಂದ ಮಂಗಳೂರಿನವರೆಗೆ ಒಂದು ಕಾಲಕ್ಕೆ ರಂಪಣಿ ಬಲೆ ಇತ್ತು. ದಂಡೆಯಿಂದ ಅರ್ಧಚಂದ್ರದ ಹಾಗೆ ಸಮುದ್ರಕ್ಕೆ ಬಲೆ ಬಿಟ್ಟು ಇಡೀ ಕೇರಿಯ ಜನ ಎರಡು ಕಡೆ ನಿಂತು ಎಳೀತಿದ್ದರು. ಬಂಗುಡೆ, ಬೂತಾಯಿ ಬೆಟ್ಟದಂತೆ ಬೀಳ್ತಿತ್ತು. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದ ಪ್ರತಿಯೊಬ್ಬನಿಗೂ ಪಾಲು. 1970ರ ದಶಕದ ನಡುವಿನಲ್ಲಿ ಯಾಂತ್ರಿಕ ಪರ್ಸೀನ್ ಬೋಟುಗಳು ಬಂದವು. ದಂಡೆಗೆ ಬರೋ ಮೊದಲೇ ಆಳದಲ್ಲೇ ಮೀನಿನ ಹಿಂಡನ್ನ ಸುತ್ತುವರಿದು ಎತ್ತಿಬಿಟ್ಟವು. ಆ ದಶಕದ ಕೊನೆಗೆ ಎರಡೂ ಕಡೆಯವರ ನಡುವೆ ಹೊಡೆದಾಟವೇ ಆಯ್ತು. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಇವತ್ತು ನೀವು ಬಂದರಿನಲ್ಲಿ ನೋಡೋ ಬೋಟಿನ ಮಾಲೀಕ ಒಬ್ಬ, ಉಳಿದವರು ಕೂಲಿಯವರು. ಮೀನು ಜಾಸ್ತಿ ಹಿಡಿದ್ವಿ ಅನ್ನೋದು ನಿಜ. ಪಾಲುದಾರರು ಕೂಲಿಯವರಾದರು ಅನ್ನೋದೂ ಅಷ್ಟೇ ನಿಜ.

ಇನ್ನೊಂದು ಕಾಕತಾಳೀಯ. ನಮ್ಮ ಮೀನುಗಾರಿಕೆ ಆಧುನಿಕ ಮಾಡೋದಕ್ಕೆ ಬಂದ ಇಂಡೋ-ನಾರ್ವೇಜಿಯನ್ ಯೋಜನೆ ಕೇರಳದಲ್ಲಿ ಶುರುವಾಗಿ ಆಮೇಲೆ ನಮ್ಮ ಕಾರವಾರಕ್ಕೂ ಬಂತು. ಲಮಲೇರಾಕ್ಕೂ 1970ರ ದಶಕದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕಳಿಸಿದ್ದು ನಾರ್ವೆಯ ತಿಮಿಂಗಿಲ ಬೇಟೆಗಾರನನ್ನೇ! ಫಿರಂಗಿ ಈಟಿ, ಎಂಜಿನ್ ದೋಣಿ, ಎಲ್ಲ ಬಂತು. ಊರಿನ ಹಂಚಿಕೆಗೆ ಅದು ಹೊಂದಲಿಲ್ಲ. ಯೋಜನೆ ಹೋಯ್ತು, ಬಿದಿರು ಉಳೀತು. ಆಗ ಉಳಿದ ಬಿದಿರು ಈಗ ಪೆಟ್ರೋಲ್ ಮುಂದೆ ಉಳಿಯುತ್ತಾ ಅನ್ನೋದು ಬೇರೆ ಪ್ರಶ್ನೆ. ಆಗ ಯಂತ್ರವನ್ನ ಹೊರಗಿನವರು ತಂದಿದ್ದರು, ಈಗ ಊರಿನ ಮಕ್ಕಳೇ ತಂದಿದ್ದಾರೆ.

ಪೆಟ್ರೋಲ್ ಒಂದೇ ಅಲ್ಲ. ಕಾಲೇಜ್ ಫೀಸ್ ಮಾಂಸದಲ್ಲಿ ಕಟ್ಟೋಕಾಗಲ್ಲ. ಮೊಬೈಲ್ ಕರೆನ್ಸಿ ಮಾಂಸದಲ್ಲಿ ಹಾಕಿಸೋಕಾಗಲ್ಲ. ಹಾಗಾಗಿ ಹುಡುಗರು ಹೊರಡ್ತಾರೆ. ಈ ದ್ವೀಪಗಳಿಂದ ಮಲೇಷ್ಯಾದ ಸಬಾ ಪ್ರಾಂತ್ಯಕ್ಕೆ, ಎಣ್ಣೆತಾಳೆ ತೋಟಗಳಿಗೆ, ಕೂಲಿಗೆ ಹೋಗೋದು ತಲೆಮಾರುಗಳಿಂದ ನಡೆದುಬಂದ ದಾರಿ. ಹೊರಗೆ ಹೋಗಿ ದುಡಿಯೋದಕ್ಕೆ ಅವರ ದೇಶದಲ್ಲಿ 'ಮೆರಾಂತೌ' ಅನ್ನೋ ಪದವೇ ಇದೆ. ಓದಿದವರು ಕುಪಾಂಗ್‌ಗೆ, ಜಕಾರ್ತಾಕ್ಕೆ. ಈ ಪ್ರಾಂತ್ಯ ಇಂಡೋನೇಷ್ಯಾದ ಅತಿ ಬಡ ಪ್ರಾಂತ್ಯಗಳಲ್ಲೊಂದು. ಹೊಟ್ಟೆ ಎಳೆದ ಕಡೆ ಕಾಲು.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದ್ರೆ ತಪ್ಪಾಗುತ್ತೆ. 1999ರಲ್ಲಿ ಲೆಂಬಾಟಾವನ್ನ ಪ್ರತ್ಯೇಕ ಜಿಲ್ಲೆ ಮಾಡಿದರು. 2014ರ ಗ್ರಾಮ ಕಾಯ್ದೆಯ ಪ್ರಕಾರ 2015ರಿಂದ ಪ್ರತಿ ಹಳ್ಳಿಗೂ ಕೇಂದ್ರದಿಂದ ನೇರವಾಗಿ ಹಣ ಬರುತ್ತೆ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ. ದೂರದ ದ್ವೀಪಗಳಲ್ಲಿ ಪೆಟ್ರೋಲ್‌ಗೆ ಜಾವಾಕ್ಕಿಂತ ಎಷ್ಟೋ ಪಟ್ಟು ಬೆಲೆ ಇತ್ತು, ಅದಕ್ಕೆ 2017ರಿಂದ 'ಒಂದೇ ದರ' ಅನ್ನೋ ಯೋಜನೆ ತಂದರು. ಪ್ರಕೃತಿ ಮಾತ್ರ ಸುಮ್ಮನಿಲ್ಲ. 2020ರ ನವೆಂಬರ್‌ನಲ್ಲಿ ದ್ವೀಪದ ಉತ್ತರದ ಲೆವೊಟೊಲೊಕ್ ಜ್ವಾಲಾಮುಖಿ ಸಿಡೀತು. ಆ ಬೂದಿ ಇನ್ನೂ ಇಳಿಜಾರಿನಲ್ಲಿ ಇರುವಾಗಲೇ 2021ರ ಏಪ್ರಿಲ್‌ನಲ್ಲಿ ಸೆರೋಜಾ ಚಂಡಮಾರುತ. ಬೂದಿ, ಬಂಡೆ, ನೀರು ಒಟ್ಟಿಗೆ ಹಳ್ಳಿಗಳ ಮೇಲೆ ಬಂತು. ನಾವೂ ಒಂದು ಮೂವತ್ತು ಸೆಕೆಂಡ್ ತೋರಿಸಿದ್ದೆವು, ಅವತ್ತು ನಮ್ಮಲ್ಲಿ ಕೋವಿಡ್ ಎರಡನೇ ಅಲೆ.

ಪ್ರವಾಸೋದ್ಯಮ ಮಾಡಿ, ಕೊಲ್ಲೋದು ಬಿಟ್ಟು ತಿಮಿಂಗಿಲ ತೋರಿಸಿ ದುಡ್ಡು ಮಾಡಿ ಅಂತ ಸಲಹೆ ಕೊಡೋರು ಬಹಳ. ಕೆಟ್ಟ ಸಲಹೆಯೇನಲ್ಲ. ಹಲ್ಲಿನ ತಿಮಿಂಗಿಲದ ಮಾಂಸದಲ್ಲಿ ಪಾದರಸ ಸೇರಿಕೊಳ್ಳುತ್ತೆ, ತಿನ್ನೋದು ಕಡಿಮೆ ಆದ್ರೆ ಆರೋಗ್ಯಕ್ಕೂ ಒಳ್ಳೆಯದು. ಆದ್ರೆ ನಾನು ಕೇಳೋದು ಇಷ್ಟೇ. ಪ್ರವಾಸಿ ಕೊಟ್ಟ ದುಡ್ಡಿನ ಮೈಮೇಲೆ ಗೆರೆ ಯಾರು ಎಳೀತಾರೆ? ಇದು ಬಡಗಿಗೆ, ಇದು ಕಮ್ಮಾರನಿಗೆ, ಇದು ಗಂಡ ಸತ್ತ ಹೆಂಗಸಿಗೆ ಅಂತ? ಹೋಂಸ್ಟೇ ಇದ್ದವನಿಗೆ ದುಡ್ಡು, ದೋಣಿ ಇದ್ದವನಿಗೆ ದುಡ್ಡು. ನಮ್ಮ ಗೋಕರ್ಣ, ಚಿಕ್ಕಮಗಳೂರು ನೋಡಿ ಹೇಳ್ತಾ ಇದ್ದೀನಿ. ಬೇಟೆ ಬಿಡಿಸೋರು ಹಂಚಿಕೆ ಉಳಿಸೋ ದಾರಿಯನ್ನೂ ಜೊತೆಗೆ ತರಬೇಕು. ಅದನ್ನ ತರದೇ ಬರೀ ನಿಷೇಧ ಹಿಡಿದುಕೊಂಡು ಬರೋರನ್ನ ಆ ಊರು ನಂಬದೇ ಇದ್ದರೆ ಅದರಲ್ಲಿ ಆಶ್ಚರ್ಯ ಇಲ್ಲ. ನಿರ್ಧಾರ ಆ ದಂಡೆಯ ಮೇಲೆ ಕೂತು ಸಭೆ ಮಾಡೋರದ್ದೇ ಆಗಬೇಕು ಅನ್ನೋದು ನನ್ನ ಅಭಿಪ್ರಾಯ. ಒಪ್ಪದವರು ಎಂದಿನಂತೆ ಬರೆಯಿರಿ, ಓದ್ತೀನಿ.

ಸದ್ಯಕ್ಕೆ ದೋಣಿಮನೆಗಳು ದಂಡೆಯ ಮೇಲೆ ಸಾಲಾಗಿ ಹಾಗೇ ನಿಂತಿವೆ. ತಾಳೆಗರಿ ಹೊದಿಸಿದ ಒಂದೊಂದು ಚಪ್ಪರದ ಕೆಳಗೆ ಒಂದೊಂದು ತೆನಾ, ಒಂದೊಂದು ಕುಲದ್ದು. ಕೆಲವು ಮನೆಗಳ ಯಜಮಾನರು ಬೇರೆ ಊರು ಸೇರಿದ್ದಾರೆ. ಕೆಲವು ದೋಣಿಗಳಿಗೆ ಹುಟ್ಟು ಹಾಕೋ ಜನ ಕಡಿಮೆ, ಪಕ್ಕದ ದೋಣಿಯಿಂದ ಕರೆದುಕೊಂಡು ಹೋಗಬೇಕು. ಬೆಟ್ಟದ ಮೇಲಿಂದ ಯಾರಿಗಾದ್ರೂ ನೀರಿನ ಕಾರಂಜಿ ಕಂಡ್ರೆ 'ಬಲೇಓ, ಬಲೇಓ' ಅಂತ ಕೂಗು ಏಳುತ್ತೆ. ಪೋರ್ಚುಗೀಸರು ಬಿಟ್ಟುಹೋದ ಪದ ಅಂತಾರೆ. ಆ ಕೂಗು ಕೇಳಿದ್ರೆ ಊಟಕ್ಕೆ ಕೂತವರೂ ಎದ್ದು ಓಡ್ತಾರೆ. ಈಗ ಆ ಕೂಗು ಮೊಬೈಲ್ ಮೆಸೇಜಿನಲ್ಲೂ ಬರುತ್ತೆ. ಮೊದಲು ಓಡಿ ಬಂದವರು ದೋಣಿ ತಳ್ಳೋದಕ್ಕೆ ನಿಲ್ತಾರೆ, ಇನ್ನೊಬ್ಬ ಜೆರಿಕ್ಯಾನ್ ಎತ್ತಿ ಅಲ್ಲಾಡಿಸಿ ಒಳಗೆ ಎಷ್ಟಿದೆ ಅಂತ ನೋಡ್ತಾನೆ.